ಅವ್ವ ಅಪ್ಪನ ಹೆಸರು ಹೇಳಿದ ದಿನ

ನಮ್ಮ ಅವ್ವ ಅಪ್ಪನ ಹೆಸರು ಹೇಳುವುದಿಲ್ಲ. ಮತದಾರರ ಪಟ್ಟಿಯವರು ಮನೆಗೆ ಬಂದು "ಯಜಮಾನರ ಹೆಸರೇನ್ರಿ?" ಅಂತ ಕೇಳಿದರೆ ಒಳಗೆ ನೋಡಿ ನನ್ನನ್ನು ಕರೆಯುತ್ತಾಳೆ. ನಾನಿಲ್ಲದಿದ್ದರೆ ಗೋಡೆಯ ಮೇಲಿನ ಫೋಟೊದ ಕೆಳಗೆ ಬರೆದಿರುವ ಹೆಸರಿಗೆ ಬೆರಳು ತೋರಿಸುತ್ತಾಳೆ. "ಇವರು", "ನಿಮ್ಮಪ್ಪ", ಇಷ್ಟರಲ್ಲೇ ಐವತ್ತು ವರ್ಷ ಕಳೆದಿದ್ದಾಳೆ.

ಕಳೆದ ವರ್ಷ ಮೇ ತಿಂಗಳಿಗೆ ಅವರ ಮದುವೆಗೆ 50 ವರ್ಷ ತುಂಬಿತು. ಮದುವೆಯಾಗಿದ್ದು 1975ರಲ್ಲಿ, ಹಳೇ ಬಾಗಲಕೋಟೆಯ ಮನೆಯ ಮುಂದೆ ಹಂದರ ಹಾಕಿ. ಈಗ ನವನಗರದಲ್ಲಿ ಇದ್ದಾರೆ. ಏನು ಮಾಡಿದಿರಿ, ಹೇಗೆ ಮಾಡಿದಿರಿ ಅಂತ ಗೆಳತಿಯರು ಈಗಲೂ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು 25ನೇ ವರ್ಷದ ಮಾತು ಹೇಳಬೇಕು. ಆಗ ನಾವು ಮಕ್ಕಳು ಸೇರಿ ಒಂದು ಹಾಲ್ ಹಿಡಿದಿದ್ದೆವು. ಕೇಕ್, ಮೇಣದಬತ್ತಿ, ಬಲೂನು ಎಲ್ಲಾ ಇತ್ತು. "ಊದು ಅವ್ವಾ" ಅಂದರೆ ಅವ್ವ ಊದಲಿಲ್ಲ. "ಹಚ್ಚಿದ್ ದೀಪಾ ಬಾಯಿಲೆ ಆರಿಸಬಾರದವಾ" ಅಂದಳು. ಕೊನೆಗೆ ತಮ್ಮನೇ ಊದಿದ. ಆ ದಿನದ ಫೋಟೊದಲ್ಲಿ ಅವ್ವನ ಮುಖ ಬಸ್ ಕಾಯುತ್ತಾ ನಿಂತವರ ಮುಖದ ಹಾಗಿದೆ. ಅವಳ ದಿನವನ್ನು ನಮ್ಮ ಇಷ್ಟದಂತೆ ಮಾಡಿದ್ದೆವು ಅಂತ ನನಗೆ ತುಂಬಾ ತಡವಾಗಿ ತಿಳಿಯಿತು.

ಹಾಗಾಗಿ ಈ ಸಲ ಜನವರಿಯಲ್ಲೇ ಕೂತು ಕೇಳಿದೆ. "ಅವ್ವಾ, ನಿನಗ ಏನ್ ಬೇಕು?" ಏನೂ ಬೇಡ ಅಂದಳು. ಮತ್ತೆ ಮತ್ತೆ ಕೇಳಿದ ಮೇಲೆ ಒಂದು ಸಂಜೆ ಟ್ರಂಕಿನಿಂದ ತನ್ನ ಮದುವೆ ಸೀರೆ ತೆಗೆದಳು. ದಾಳಿಂಬೆ ಬಣ್ಣದ ಇಳಕಲ್ ಸೀರೆ, ಅಂಚಿಗೆ ಗೋಮಿ ದಡಿ. ಮಡಿಕೆಯಲ್ಲಿ ಹರಿದುಹೋಗಿತ್ತು. ಸೆರಗು ಮಾತ್ರ ಇನ್ನೂ ಗಟ್ಟಿಯಾಗಿತ್ತು. "ಇಂಥಾದ್ ಈಗ ಸಿಗತೈತೇನ?" ಅಷ್ಟೇ ಕೇಳಿದಳು.

ಆ ಸೀರೆ ಹಿಡಿದುಕೊಂಡು ಇಳಕಲ್ಲಿಗೆ ಹೋದೆ. ನೇಕಾರ ಅಣ್ಣ ಸೆರಗನ್ನು ಬೆಳಕಿಗೆ ಹಿಡಿದು, ಮೈಯೂ ಸೆರಗೂ ಕೂಡುವ ಗೆರೆ ತೋರಿಸಿದರು. ಇಷ್ಟು ವರ್ಷ ಇಳಕಲ್ ಸೀರೆ ಉಟ್ಟರೂ ನಾನು ಅದನ್ನು ನೋಡಿರಲಿಲ್ಲ. ಮೈಯ ಹಾಸು, ಅಂದರೆ ಉದ್ದಕ್ಕೆ ಹೋಗುವ ಎಳೆ, ಹತ್ತಿಯದು; ಸೆರಗಿನ ಹಾಸು ರೇಷ್ಮೆಯದು. ಎರಡೂ ಬೇರೆ ಬೇರೆ ಎಳೆ. ಮಗ್ಗದ ಮೇಲೆ ಒಂದರ ಕೊಂಡಿಯಲ್ಲಿ ಇನ್ನೊಂದರ ಕೊಂಡಿ ಸಿಕ್ಕಿಸಿ, ಎಳೆ ಎಳೆಯಾಗಿ ಕೂಡಿಸುತ್ತಾರೆ. ಹೊಲಿಗೆ ಇಲ್ಲ, ಗಂಟಿಲ್ಲ. ಒಂದೊಂದು ಸೀರೆಗೂ ಹೀಗೆ ಕೂಡಿಸಲೇಬೇಕು. ಆಮೇಲೆ ಕೆಂಪು ಸೆರಗಿನ ಮೇಲೆ ತೋಪ ತೆನಿ ಅನ್ನುವ ಬಿಳಿ ವಿನ್ಯಾಸ. "ಐವತ್ ವರ್ಷ ಆದ್ರೂ ಕೊಂಡಿ ಬಿಟ್ಟಿಲ್ಲ ನೋಡ್ರಿ" ಅಂದರು. ಅವರು ಸೀರೆಯ ಮಾತೇ ಆಡಿದ್ದು. ನನಗೆ ಮಾತ್ರ ಗಂಟಲು ಕಟ್ಟಿತು. ಅದೇ ಬಣ್ಣ, ಅದೇ ದಡಿ, ಅದೇ ಸೆರಗು ಹೇಳಿ ಬಂದೆ. ಕುಬಸಕ್ಕೆ ಗುಳೇದಗುಡ್ಡದ ಖಣ ತಂದೆ. ಬರುವ ಮುತ್ತೈದೆಯರಿಗೆ ಉಡಿ ತುಂಬಲೂ ಅದೇ ಖಣ.

ಎರಡನೆಯದು ಜನ. ಮದುವೆಯಲ್ಲಿ ಅಕ್ಕಿಕಾಳು ಹಾಕಿದವರಲ್ಲಿ ಈಗ ಇರುವವರು ಎಷ್ಟು ಮಂದಿ ಅಂತ ಎಣಿಸಿದೆ. ನಮಗೆ ಸಿಕ್ಕಿದ್ದು ಒಂಬತ್ತು ಜನ. ಅವರೆಲ್ಲರನ್ನೂ ಕರೆದೆವು. ನಡೆಯಲಾಗದ ಇಬ್ಬರನ್ನು ಕಾರಿನಲ್ಲಿ ಕರೆತಂದೆವು. "ಆ ದಿನದ್ದು ಒಂದ್ ಮಾತು ಹೇಳ್ರಿ, ಸಾಕು" ಅಂತ ಕೇಳಿಕೊಂಡೆ. ಯಾರ ಮನೆಯಲ್ಲಿ ಹಿರಿಯರ ವಾರ್ಷಿಕೋತ್ಸವ ಇದ್ದರೂ ಇದೊಂದನ್ನು ಮಾತ್ರ ಮಾಡಿ ಅಂತ ನಾನು ಕೈ ಮುಗಿದು ಹೇಳುತ್ತೇನೆ. ಹಾಲ್ ಬೇಡ, ಬಲೂನು ಬೇಡ. ನೋಡಿದವರು ಇರುವಾಗಲೇ ಕೇಳಿಬಿಡಿ.

ಚಿಗವ್ವ ಹೇಳಿದ್ದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಮುಹೂರ್ತದ ಹೊತ್ತಿಗೆ ಗಾಳಿ ಎದ್ದು ಹಂದರ ಹಾರಿಹೋಗುವಂತೆ ಆಯಿತಂತೆ. ಹುಡುಗಿ ಕಡೆಯವರು ಎರಡು ಗಳ, ಹುಡುಗನ ಕಡೆಯವರು ಎರಡು ಗಳ ಅಪ್ಪಿ ಹಿಡಿದು ನಿಂತರಂತೆ. ಕೈ ಖಾಲಿ ಇದ್ದವರೇ ಕಡಿಮೆ. ಅಕ್ಕಿಕಾಳು ಹಾಕಿದ್ದು ಜಾಸ್ತಿ ಹೆಂಗಸರು, ಸಣ್ಣ ಮಕ್ಕಳು. ಚಿಗವ್ವ ಆಗ ಹತ್ತು ವರ್ಷದವಳು. "ನಾ ಹಾಕಿದ್ ಅಕ್ಕಿ ಎಲ್ಲಾ ಗಾಳಿಗಿ ಮಾವನ ಬಾಯಾಗ ಹೋತು" ಅಂದಳು. ಅಪ್ಪ ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಅವನಿಗೂ ಅದು ನೆನಪಿತ್ತು.

ಊಟಕ್ಕೆ ಗೋದಿ ಹುಗ್ಗಿ, ಬದನೆಕಾಯಿ ಎಣಗಾಯಿ, ಅನ್ನ, ಕಟ್ಟಿನ ಸಾರು. ಮದುವೆಯಲ್ಲೂ ಹುಗ್ಗಿಯೇ ಇತ್ತಂತೆ. ಅಡುಗೆಯವರನ್ನು ಕರೆಯೋಣ ಅಂದರೆ ಸೋದರತ್ತೆ ಬಿಡಲಿಲ್ಲ. ಕುಟ್ಟಿದ ಗೋದಿಯನ್ನು ಹಿಂದಿನ ರಾತ್ರಿಯೇ ನೆನೆಹಾಕಿದಳು. ಬೆಳಗ್ಗೆ ಕಾಳು ಅರಳುವವರೆಗೆ ಬೇಯಿಸಿದಳು. ನಾನು ಬೆಲ್ಲದ ತಾಟು ಹಿಡಿದು ಪಕ್ಕದಲ್ಲಿ ನಿಂತಿದ್ದೆ. "ತಡಿ, ಈಗ ಬೆಲ್ಲಾ ಬಿದ್ರ ಕಾಳು ಅಲ್ಲೇ ಬಿರುಸಾಗಿ ನಿಂದರತೈತಿ" ಅಂತ ನನ್ನ ಕೈ ತಡೆದಳು. ಎರಡು ಬೆರಳಲ್ಲಿ ಒಂದು ಕಾಳು ಹಿಚುಕಿ, ಮೆತ್ತಗಾದ ಮೇಲೇ ಬೆಲ್ಲ ಹಾಕಿಸಿದಳು. ಆಮೇಲೆ ಒಣಕೊಬ್ಬರಿ, ಗಸಗಸೆ, ಏಲಕ್ಕಿ. ಬಡಿಸುವಾಗ ಮೇಲೆ ಹಾಲು, ತುಪ್ಪ. ಬಂದವರ ಕೈಗೆ ಅಮೀನಗಡದ ಕರದಂಟು ಕೊಟ್ಟು ಕಳಿಸಿದೆವು.

ಊಟಕ್ಕೂ ಮುಂಚೆ ಬೆಳಗ್ಗೆಯೇ ಅವ್ವ ಅಪ್ಪನನ್ನು ಹಳೇ ಮನೆಯ ಜಾಗಕ್ಕೆ ಕರೆದುಕೊಂಡು ಹೋಗಿದ್ದೆವು. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲೇ ಅಡಿಗಲ್ಲು ಹಾಕಿದ್ದರು. ಅಂದರೆ ಇವರ ಮದುವೆಯ ಹೊತ್ತಿಗೆ ಊರಿಗೆ ನೀರು ಬರುತ್ತದೆ ಅನ್ನುವ ಮಾತಿಗೆ 11 ವರ್ಷ. ಹಾಗಿದ್ದೂ ಆ ಮನೆಯಲ್ಲಿ ಸಂಸಾರ ಹೂಡಿದರು, ನಮ್ಮನ್ನು ಹೆತ್ತರು, ಅಟ್ಟ ಕಟ್ಟಿಸಿದರು. ಮುಂದೆ ಆ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯಲ್ಲಿ ಏರಿ ಬಂತು. ನಾವು ನವನಗರಕ್ಕೆ ಬಂದೆವು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ನಮ್ಮ ಓಣಿಯ ಕಡೆ ನೆಲ ಕಾಣುತ್ತದೆ. ಮೇ ತಿಂಗಳಾದ್ದರಿಂದ ನಮಗೆ ಸಿಕ್ಕಿತು.

ಗೋಡೆ ಇಲ್ಲ. ಬುನಾದಿಯ ಕಲ್ಲು ಒಂದಷ್ಟು, ಸುತ್ತ ಜಾಲಿ ಕಂಟಿ. ಅವ್ವ ಹೊಸ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದಳು. ಒಂದು ಕಡೆ ನಿಂತು "ಇಲ್ಲೇ ಹಂದರದ ಹಾಲಗಂಬಾ ಹುಗದಿದ್ರು" ಅಂದಳು. ಅಪ್ಪ ಎರಡು ಹೆಜ್ಜೆ ಆಚೆ ತೋರಿಸಿ "ಇಲ್ಲಲ್ಲ, ಅಲ್ಲಿ" ಅಂದ. ಇಬ್ಬರೂ ಸ್ವಲ್ಪ ಹೊತ್ತು ವಾದ ಮಾಡಿದರು. ಆಮೇಲೆ ಅವ್ವ ಬಗ್ಗಿ ಆ ಜಾಗದಲ್ಲಿ ಅರಿಶಿನ ಕುಂಕುಮ ಇಟ್ಟಳು. ಅಪ್ಪ ತೋರಿಸಿದ ಜಾಗದಲ್ಲೂ ಇಟ್ಟಳು.

ನಾನೂ ನನ್ನ ಯಜಮಾನರೂ ನಮ್ಮ ಮದುವೆ ದಿನ ಪ್ರತಿವರ್ಷ ಪಟ್ಟದಕಲ್ಲಿಗೆ ಹೋಗುತ್ತೇವೆ. ಖರ್ಚು ಕಡಿಮೆ, ದಿನವಿಡೀ ಇಬ್ಬರೇ ಇರಬಹುದು. ಚಾಲುಕ್ಯ ದೊರೆ ಎರಡನೇ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದದ್ದರ ನೆನಪಿಗೆ ರಾಣಿ ಲೋಕಮಹಾದೇವಿ ವಿರೂಪಾಕ್ಷ ಗುಡಿ ಕಟ್ಟಿಸಿದಳು. ಗಂಡನ ಸಂತೋಷವನ್ನು ಹೆಂಡತಿ ಕಲ್ಲಲ್ಲಿ ನಿಲ್ಲಿಸಿದ ಗುಡಿ ಅದು. ಬರುವಾಗ ಬಾದಾಮಿಯ ಮೂರನೇ ಗುಹೆಗೂ ಹೋಗುತ್ತೇವೆ. 578ರ ಶಾಸನ ಇರುವ ಗುಹೆ. ಕಂಬದ ಮೇಲ್ಭಾಗದಲ್ಲಿ ಮರದಡಿ ನಿಂತ ಜೋಡಿಗಳನ್ನು ಕೆತ್ತಿದ್ದಾರೆ. ಕತ್ತೆತ್ತಿ ನೋಡಬೇಕು. ಬಹಳ ಜನ ದೊಡ್ಡ ಮೂರ್ತಿಗಳನ್ನಷ್ಟೇ ನೋಡಿ ಹೊರಟುಬಿಡುತ್ತಾರೆ.

ಇನ್ನು ಅವ್ವ ಅಪ್ಪನ ಆ ದಿನದ ಒಡಪು, ಅಂದರೆ ಹೆಸರು ಸೇರಿಸಿ ಹೇಳುವ ಪ್ರಾಸದ ಪದ. ನಮ್ಮ ಕಡೆ ಮದುವೆಯಲ್ಲಿ ಗಂಡ ಹೆಂಡತಿ ಒಬ್ಬರ ಹೆಸರು ಒಬ್ಬರು ಒಡಪು ಹಾಕಿಯೇ ಹೇಳಬೇಕು, ಇಲ್ಲದಿದ್ದರೆ ಬಾಗಿಲಲ್ಲಿ ತಡೆದ ನಾದಿನಿಯರು ಒಳಗೆ ಬಿಡುವುದಿಲ್ಲ. ಊಟಕ್ಕೆ ಕೂರುವ ಮುಂಚೆ ನನ್ನ ಸೋದರತ್ತೆಯರು ಬಾಗಿಲಿಗೆ ಅಡ್ಡ ನಿಂತರು. ಅಪ್ಪ ಮೊದಲು ಹೇಳಿದ. ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದು ಜೇಬಲ್ಲಿ ಇಟ್ಟುಕೊಂಡಿದ್ದ.

"ಬಾದಾಮಿ ಗುಡ್ಡಾ ಕೆಂಪ,
ಬನಶಂಕರಿ ಹೊಂಡಾ ತಂಪ,
......... ಬಂದ ದಿನದಿಂದ
ನನ್ನ ಮನಿತುಂಬ ಮಲ್ಲಿಗಿ ಕಂಪ."

ಎಲ್ಲರೂ ಅವ್ವನ ಕಡೆ ತಿರುಗಿದೆವು. ಅವಳು ಸೆರಗು ಸರಿ ಮಾಡಿಕೊಂಡಳು. ಒಲ್ಲೆ ಅಂತಾಳೆ ಅಂದುಕೊಂಡೆ. ಹಾಗೆ ಅನ್ನಲಿಲ್ಲ. ಯಾವಾಗ ಕಟ್ಟಿಕೊಂಡಿದ್ದಳೋ, ಒಂದೇ ಉಸಿರಿಗೆ ಹೇಳಿದಳು.

"ಹಳೇ ಮನಿ ಹೊಸ್ತಲಾ ಹೊಳಿ ಪಾಲಾತು,
ಹಂದರದಾಗ ಹಿಡದ ಕೈ ಒಂದ ನಂದಾತು,
ಐವತ್ತ ಮಳಿಗಾಲಾ ಒಂದ ಸೂರಾಗ ಕಳದೇನಿ,
......... ಅವರ ಹೆಸರಾ ಎಲ್ಲಾರ ಮುಂದ ಹೇಳೇನಿ."

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಅವಳು ಹೇಳಿದ್ದು, ಅವಳದಾಗಿಯೇ ಇರಲಿ.

ಅಪ್ಪನಿಗೆ ಎಡಗಿವಿ ಸರಿಯಾಗಿ ಕೇಳುವುದಿಲ್ಲ. ಅವ್ವ ನಿಂತಿದ್ದು ಎಡಕ್ಕೇ. "ಏನಂದ್ಳು?" ಅಂತ ನನ್ನನ್ನು ಕೇಳಿದ. ನಾನು ಹೇಳಲು ಹೊರಟೆ. ಅವ್ವ ನನ್ನನ್ನು ತಡೆದು, ಅಪ್ಪನ ಬಲಕ್ಕೆ ಬಂದು ಕಿವಿಯ ಹತ್ತಿರ ಬಗ್ಗಿ ಇನ್ನೊಮ್ಮೆ ಹೇಳಿದಳು. ಪೂರ್ತಿ ಒಡಪು ಅಲ್ಲ, ಹೆಸರು ಮಾತ್ರ.

ರಾತ್ರಿ ಎಲ್ಲರೂ ಹೋದ ಮೇಲೆ ಅವ್ವ ಹೊಸ ಸೀರೆ ಮಡಚಿ ಟ್ರಂಕಿನಲ್ಲಿ ಹಳೆಯದರ ಮೇಲೆ ಇಟ್ಟಳು. ಅಪ್ಪನ ಆ ಕ್ಯಾಲೆಂಡರ್ ಹಾಳೆಯನ್ನು ಎರಡರ ನಡುವೆ ಸೇರಿಸಿ ಚಿಲಕ ಹಾಕಿದಳು.