ಪಾಸ್‌ಬುಕ್ ಹಿಡಿದು ಲ್ಯಾಬಿಗೆ ಬಂದ ಹುಡುಗಿ

ಹಾಸನದ ಒಂದು ಪಿಯು ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಸೈನ್ಸ್ ಹೇಳಿಕೊಡುತ್ತೇನೆ. ಹಳ್ಳಿಯ ಸರ್ಕಾರಿ ಹೈಸ್ಕೂಲಿನಿಂದ ಬರುವ ಹೆಣ್ಣುಮಕ್ಕಳು ನಮ್ಮಲ್ಲಿ ಪಿಸಿಎಂಸಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತದ ಜೊತೆ ಕಂಪ್ಯೂಟರ್ ಸೈನ್ಸ್) ಕೇಳುವುದು ಅಪರೂಪ. ಮಾರ್ಕ್ಸ್ ಕಡಿಮೆ ಅಂತಲ್ಲ. ಗಣಿತದಲ್ಲಿ ತೊಂಬತ್ತರ ಮೇಲೆ ತೆಗೆದವರೂ "ಕಂಪ್ಯೂಟರ್ ನಮಗೆ ಬರಲ್ಲ ಮಿಸ್" ಅನ್ನುತ್ತಾರೆ. ಇದು ಇವರ ತಲೆಗೆ ಎಲ್ಲಿ ಹೊಕ್ಕಿತು ಅಂತ ನನಗೆ ತಿಳಿಯಬೇಕಿತ್ತು. ಅದಕ್ಕೇ ಸಾಲಗಾಮೆ ಕಡೆಯ ಒಂದು ಹೈಸ್ಕೂಲಿಗೆ ಶನಿವಾರ ಮಧ್ಯಾಹ್ನ ಹೋಗಿ ಒಂಬತ್ತನೇ ಕ್ಲಾಸಿನವರಿಗೆ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡಲು ಶುರು ಮಾಡಿದೆ.

ಲ್ಯಾಬಿನ ಬಾಗಿಲಲ್ಲೇ ಗೊತ್ತಾಯಿತು. ನಡೆಯುವ ಕಂಪ್ಯೂಟರ್‌ಗಳು ಬೆರಳೆಣಿಕೆಯಷ್ಟು. ಬಾಗಿಲು ತೆಗೆದದ್ದೇ ತಡ, ಹುಡುಗರು ಓಡಿ ಕುರ್ಚಿ ಹಿಡಿದರು. ಹುಡುಗಿಯರು ನೋಟ್‌ಬುಕ್ ಹಿಡಿದು ಹಿಂದೆ ನಿಂತರು. ಸ್ಕ್ರೀನ್ ಮೇಲೆ ಬಂದದ್ದನ್ನೆಲ್ಲ ಅಂದವಾಗಿ ಬರೆದುಕೊಂಡರು. ಅವರನ್ನು ಯಾರೂ ತಡೆದಿರಲಿಲ್ಲ, ಬಾ ಕೂತ್ಕೋ ಅಂತ ಯಾರೂ ಕರೆದೂ ಇರಲಿಲ್ಲ. ಮನೆಯಲ್ಲೂ ಹೀಗೇ ಅಲ್ವಾ? ಸಂಜೆಯಾದರೆ ಅಣ್ಣ ಫೋನ್ ಹಿಡಿದು ಕೂರುತ್ತಾನೆ, ತಂಗಿ ಕೊಟ್ಟಿಗೆಗೆ ಹೋಗುತ್ತಾಳೆ. ಕೀಬೋರ್ಡ್ ಮುಟ್ಟದೆ ಕಂಪ್ಯೂಟರ್ ಬರುವುದಾದರೂ ಹೇಗೆ?

ಮೊದಲ ಅರ್ಧ ಗಂಟೆ ಕುರ್ಚಿ ಹುಡುಗಿಯರದು, ಆಮೇಲೆ ಅದಲು ಬದಲು ಅಂದೆ. ಹುಡುಗರು ಸ್ವಲ್ಪ ಗೊಣಗಿದರು, ಆಮೇಲೆ ಒಗ್ಗಿಕೊಂಡರು.

ಕಳೆದ ಶನಿವಾರ ಅವರವರ ಮನೆಯದೇ ಒಂದು ಲೆಕ್ಕಕ್ಕೆ ಪ್ರೋಗ್ರಾಂ ಬರೆಯಬೇಕಿತ್ತು. ಒಬ್ಬ ಹುಡುಗಿ ಡೇರಿಯ ಪಾಸ್‌ಬುಕ್ಕನ್ನೇ ತಂದಿದ್ದಳು. ಅಮ್ಮ ಬೆಳಿಗ್ಗೆ ಸಂಜೆ ಹಾಕುವ ಹಾಲು, ವಾರಕ್ಕೆ 14 ಸಲ. ಲೀಟರ್ ಎಷ್ಟು, ಫ್ಯಾಟ್ ನೋಡಿ ಕೊಟ್ಟ ದರ ಎಷ್ಟು, ಎಲ್ಲ ಅದರಲ್ಲಿತ್ತು. ಪ್ರತಿ ಸಲದ ಹಾಲಿಗೂ ಅದೇ ಲೆಕ್ಕ ಮತ್ತೆ ಮತ್ತೆ ಮಾಡಿ ಕೂಡಿಸುವ ಲೂಪ್ ಬರೆದಳು, ರನ್ ಮಾಡಿದಳು. ಇನ್ನೂರು ಚಿಲ್ಲರೆ ರೂಪಾಯಿ ಬಂತು.

"ಇಲ್ಲ ಮಿಸ್, ಬಟವಾಡೆ ಇಷ್ಟು ಕಡಿಮೆ ಬರಲ್ಲ. ಇದು ಕೊನೇ ದಿನ ಸಂಜೆ ಹಾಕಿದ ಹಾಲಿನ ದುಡ್ಡು ಮಾತ್ರ."

ನಾನು ಬಾಯಿ ಬಿಡಲಿಲ್ಲ. ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದುತ್ತಾ ಹೋದಳು. ಮೊತ್ತವನ್ನು ಸೊನ್ನೆ ಮಾಡುವ ಸಾಲು ಲೂಪಿನ ಒಳಗೆ ಸೇರಿಕೊಂಡಿತ್ತು. ಪ್ರತಿ ಸುತ್ತಿಗೂ ಹಿಂದಿನದೆಲ್ಲ ಅಳಿಸಿಹೋಗುತ್ತಿತ್ತು. ಆ ಸಾಲನ್ನು ಲೂಪಿಗಿಂತ ಮೇಲೆ ತಂದಳು. ಪಾಸ್‌ಬುಕ್ಕಿನ ಮೊತ್ತಕ್ಕೆ ಪೈಸೆ ಸಮೇತ ತಾಳೆಯಾಯಿತು. "ಸರ್ಕಾರದ್ದು ಲೀಟರಿಗೆ 5 ರೂಪಾಯಿ ಬೇರೆ ಬರುತ್ತಲ್ಲ, ಅದನ್ನೆಲ್ಲಿ ಸೇರಿಸೋದು?" ಅಂತ ಆಗಲೇ ಮುಂದಿನ ಪ್ರಶ್ನೆ. ಕಂಪ್ಯೂಟರ್ ಬರಲ್ಲ ಅನ್ನುವವರ ಸಾಲಿಗೆ ಇವಳನ್ನು ಸೇರಿಸುತ್ತಿದ್ದೆವಲ್ಲ ಅನಿಸಿ ಹೊಟ್ಟೆ ಉರಿಯಿತು.

ಕೊನೆಗೆ ಎಂಸಿಎಫ್ ಮಾತು ತೆಗೆದೆ. ಸಾಲಗಾಮೆ ರಸ್ತೆಯಲ್ಲಿರುವ, ಉಪಗ್ರಹಗಳನ್ನು ನಿಯಂತ್ರಿಸುವ ಈ ಇಸ್ರೋ ಕೇಂದ್ರದ (ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ) ಹೆಸರು ಮಕ್ಕಳಿಗೆಲ್ಲ ಗೊತ್ತು, ಒಳಗೆ ಏನು ನಡೆಯುತ್ತೆ ಅನ್ನೋದು ಗೊತ್ತಿಲ್ಲ. 2011ರ ಜುಲೈಯಲ್ಲಿ ಜಿಸ್ಯಾಟ್-12 ಅನ್ನೋ ಸಂಪರ್ಕ ಉಪಗ್ರಹ ಹಾರಿತು. ರಾಕೆಟ್ ಬಿಟ್ಟ ಕಕ್ಷೆಯಿಂದ ಅದನ್ನು 36,000 ಕಿಲೋಮೀಟರ್ ಎತ್ತರಕ್ಕೆ ಏರಿಸಲು ಕಮಾಂಡ್ ಹೋದದ್ದು ಇಲ್ಲಿಂದಲೇ. ಪ್ರಾಜೆಕ್ಟ್ ಡೈರೆಕ್ಟರ್ ಟಿ.ಕೆ. ಅನುರಾಧಾ. ಅವರೂ ಸೇರಿ ಮೂವರು ಹೆಂಗಸರು ಆ ಕೆಲಸದ ಮುಂದಾಳುಗಳು. "ನಮ್ಮ ಎಂಸಿಎಫ್ಫಾ ಮಿಸ್?" ಅಂತ ಎರಡೆರಡು ಸಲ ಕೇಳಿದರು.

ಪಾಸ್‌ಬುಕ್ ಹುಡುಗಿಯನ್ನು ಕರೆದೊಯ್ಯಲು ಅವಳ ಅಪ್ಪ ಬಂದಿದ್ದರು. "ಪಿಸಿಎಂಬಿ ತಗೊಂಡ್ರೆ ಎರಡೂ ಕಡೆಗೆ ಆಗುತ್ತಂತಲ್ಲ ಮೇಡಂ?" ಅಂದರು. ಪಿಸಿಎಂಬಿ ಅಂದರೆ ಕಂಪ್ಯೂಟರ್ ಬದಲು ಬಯಾಲಜಿ, ಇಂಜಿನಿಯರಿಂಗಿಗೂ ಡಾಕ್ಟರ್ ಓದಿಗೂ ದಾರಿ. ನ್ಯಾಯವಾದ ಪ್ರಶ್ನೆ. ಡಾಕ್ಟರ್ ಆಗೋ ಆಸೆ ಇದ್ದರೆ ಬಯಾಲಜಿ ಬೇಕೇ ಬೇಕು, ಆ ಆಸೆ ಇಲ್ಲದವಳಿಗೆ ಸುಮ್ನೆ ಎರಡು ವರ್ಷ ಅದನ್ನು ಯಾಕೆ ಹೊರಿಸಬೇಕು, ಅವಳನ್ನೇ ಕೇಳಿ ಅಂದೆ. ಅವರು ಉತ್ತರ ಕೊಡದೆ ಮಗಳ ಸ್ಕ್ರೀನಿನ ಮುಂದೆ ಬಗ್ಗಿದರು.

"ಹಿಂಡಿ, ಬೂಸಾ ಖರ್ಚು ಕಳೆದೇ ಇಲ್ವಲ್ಲ ಮಗಾ?"

"ಮುಂದಿನ ಶನಿವಾರ ಅದನ್ನೂ ಹಾಕ್ತೀನಿ ಅಪ್ಪಾ. ಅಂಗಡಿ ಚೀಟಿ ಎಸೀಬೇಡ, ನಂಗೆ ಕೊಡು."