ತಮ್ಮನಿಗೆ ಕೆಲಸ ಸಿಕ್ಕಿದೆ, ಲೆಕ್ಕದಲ್ಲಿ

ತೀರ್ಥಹಳ್ಳಿ ಹತ್ತಿರದ ನಮ್ಮನೆಯಲ್ಲಿ ಅಡಿಕೆ ಸುಲಿಯುವ ಕೆಲಸ ಜೋರಾಗಿದೆ. ತಮ್ಮ ಬಿಇ ಮುಗಿಸಿ ಎರಡು ವರ್ಷವಾಯ್ತು. ಕೆಲಸ ಹುಡುಕುತ್ತಲೇ ಇದ್ದಾನೆ. ರಾತ್ರಿ ಮೆಟ್ಟುಗತ್ತಿ ಹಿಡಿದು ಅಪ್ಪಯ್ಯನ ಪಕ್ಕ ಕೂರುತ್ತಾನೆ. ಸಂಬಳ? ಒಂದು ಲೋಟ ಕಾಫಿ.

ಸರ್ಕಾರದ ಲೆಕ್ಕದಲ್ಲಿ ಅವನು ನಿರುದ್ಯೋಗಿ ಅಲ್ಲ! ಯಾರಿಗೆ ಕೆಲಸ ಇದೆ, ಯಾರಿಗೆ ಇಲ್ಲ ಅಂತ ಎಣಿಸಲು 2017ರಿಂದ ನಡೆಯುತ್ತಿರುವ ಪಿಎಲ್‌ಎಫ್‌ಎಸ್ ಸಮೀಕ್ಷೆಯ ವಾರದ ಲೆಕ್ಕದಲ್ಲಿ, ಹಿಂದಿನ 7 ದಿನಗಳಲ್ಲಿ ಒಂದೇ ಒಂದು ಗಂಟೆ ದುಡಿದಿದ್ದರೂ ಉದ್ಯೋಗಿ. ಮನೆ ತೋಟದಲ್ಲಿ ಸಂಬಳವಿಲ್ಲದೆ ದುಡಿದರೂ ಸೈ.

ಹಾಗಂತ ಅಂಕಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಒಂದು ಗಂಟೆಯ ನಿಯಮ ದೆಹಲಿಯವರು ಸುಮ್ನೆ ಹುಟ್ಟಿಸಿದ್ದಲ್ಲ, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯದ್ದೂ ಅದೇ. ಸಮೀಕ್ಷೆಯವರು ಎಲ್ಲರ ಮನೆಗೂ ಬರುವುದಿಲ್ಲ, ಆಯ್ದ ಮನೆಗಳನ್ನಷ್ಟೇ ಕೇಳುತ್ತಾರೆ. ಅನ್ನ ಬೆಂದಿದೆಯಾ ಅಂತ ಒಂದಗುಳು ಹಿಚುಕಿ ನೋಡಿದ ಹಾಗೆ. ಅದಕ್ಕೂ ನನ್ನ ತಕರಾರಿಲ್ಲ. ಆದರೆ ಇದೇ ಸಮೀಕ್ಷೆಯ ವರ್ಷದ ಲೆಕ್ಕದಲ್ಲಿ (ಅಲ್ಲಿ ಒಂದು ಗಂಟೆಯ ನಿಯಮವಿಲ್ಲ, ಸಂಬಳವಿಲ್ಲದ ಮನೆ ದುಡಿಮೆ ಮಾತ್ರ ಅಲ್ಲೂ ಉದ್ಯೋಗವೇ) 2017-18ರಲ್ಲಿ ಶೇ. 6.1 ಇದ್ದ ನಿರುದ್ಯೋಗ 2023-24ಕ್ಕೆ ಶೇ. 3.2 ಆಯಿತು ಅಂದಾಗ, ಅದರಲ್ಲಿ ಇಂಥ ಮೆಟ್ಟುಗತ್ತಿಗಳು ಎಷ್ಟು ಅಂತ ಕೇಳಬೇಕು ಅಲ್ವಾ?

ತಮ್ಮನಿಗೆ ಇದನ್ನೆಲ್ಲ ಹೇಳಿದೆ. ತಲೆ ಎತ್ತಲಿಲ್ಲ. "ಹಂಗಾದ್ರೆ ಪಿಎಫ್ ಕಟ್ಟೋಕೆ ಅಪ್ಪಯ್ಯಂಗೆ ಹೇಳು" ಎಂದ.