ಇದರಾಗ ಕಾನೂನು ಎಲ್ಲೈತಿ?

ಈ ವಾರ ನಮ್ಮ ಧಾರವಾಡದ ಕಾಲೇಜಿನಲ್ಲಿ ಎಲ್‌ಎಲ್‌ಎಂ ಪ್ರಬಂಧದ ವೈವಾ, ಅಂದ್ರೆ ಮೌಖಿಕ ಪರೀಕ್ಷೆ, ಇತ್ತು. ಹೊರಗಿನಿಂದ ಬಂದ ಪರೀಕ್ಷಕರು ಹಿರಿಯ ಪ್ರೊಫೆಸರ್. ಸಂವಿಧಾನದ ಯಾವ ವಿಧಿ ಕೇಳಿದರೂ ಪುಸ್ತಕ ತೆಗೆಯದೆ ಹೇಳುವವರು. ಅವರ ಮೇಲೆ ನನಗೆ ಗೌರವ ಇದೆ. ಆದರೆ ನನ್ನ ವಿದ್ಯಾರ್ಥಿನಿಗೆ ಅವರು ಕೇಳಿದ ಒಂದು ಪ್ರಶ್ನೆ ತಲೆಯಿಂದ ಹೋಗ್ತಾನೇ ಇಲ್ಲ.

"ಚಲೋ ಬರದೀಯವಾ. ಆದ್ರ ಇದರಾಗ ಕಾನೂನು ಎಲ್ಲೈತಿ?"

ಹುಡುಗಿ ರೋಣ ತಾಲ್ಲೂಕಿನವಳು. ವಿಷಯ ಹೆಣ್ಣುಮಕ್ಕಳ ಆಸ್ತಿ ಹಕ್ಕು. ಎಲ್ಲರೂ ತಗೊಳ್ಳುವ ವಿಷಯವೇ. ಆದರೆ ಇವಳು ಲೈಬ್ರರಿಯಲ್ಲಿ ಕೂತು ಮುಗಿಸಲಿಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನ ಹೊರಗೆ, ಬಾಂಡ್ ರೈಟರ್ ಟೇಬಲ್ ಪಕ್ಕ ಕೂತು, ನೋಡಿದ್ದನ್ನು ಬರೆದಳು.

ಅದರಲ್ಲೊಂದು ಪುಟ ಹೀಗಿದೆ. ಅಪ್ಪ ತೀರಿಕೊಂಡಿದ್ದಾನೆ. ಹೊಲದ ಉತಾರದಲ್ಲಿ, ಅಂದ್ರೆ ಪಹಣಿಯಲ್ಲಿ, ಹೆಸರು ಏರಿಸಬೇಕು. ಅಣ್ಣ ತಂಗಿಯನ್ನು ಟಂಟಂನಲ್ಲಿ ಕರ್ಕೊಂಡು ಬಂದಿದ್ದಾನೆ. ಬಾಂಡ್ ರೈಟರ್ ಹಕ್ಕು ಬಿಡುಗಡೆ ಪತ್ರವನ್ನು ಗಡಗಡ ಓದುತ್ತಾನೆ: ಸ್ವಖುಷಿಯಿಂದ, ಯಾರ ಒತ್ತಾಯವೂ ಇಲ್ಲದೆ. ತಂಗಿಯ ಮಡಿಲಲ್ಲಿ ಅಣ್ಣ ಕೊಡಿಸಿದ ಇಳಕಲ್ ಸೀರೆಯ ಚೀಲ. ಹೆಬ್ಬೆಟ್ಟು ಒತ್ತಿ, ಮಸಿ ಹೋಗುವವರೆಗೂ ಬೆರಳನ್ನು ಗೋಡೆಗೆ ತಿಕ್ಕುತ್ತಾಳೆ. ಯಾಕೆ ಬಿಟ್ಟುಕೊಟ್ರಿ ಅಂತ ಕೇಳಿದ್ದಕ್ಕೆ, "ಹೆಬ್ಬಟ್ಟು ಒತ್ತಲಿಲ್ಲಂದ್ರ ಪಂಚಮಿಗೆ ಯಾರ್ ಕರೀತಾರವಾ?" ಅಂದಳಂತೆ.

ಈ ಪುಟ ತೋರಿಸಿಯೇ ಪ್ರೊಫೆಸರ್ ಕಾನೂನು ಎಲ್ಲಿದೆ ಅಂದದ್ದು.

ಕಾನೂನು ಅವಳಿಗೆ ಚೆನ್ನಾಗಿ ಗೊತ್ತು. ಕರ್ನಾಟಕ 1994ರಲ್ಲೇ ಮಗಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಬಿಟ್ಟಿತು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕೇಂದ್ರ ತಂದ ತಿದ್ದುಪಡಿ ಆ ಭೇದ ತೆಗೆಯಿತು. ಆಮೇಲೆ ಶುರುವಾಯ್ತು ಗೊಂದಲ. ತಿದ್ದುಪಡಿ ಬಂದ ದಿನ ಅಪ್ಪ ಬದುಕಿರಬೇಕು ಅಂತ 2015ರಲ್ಲಿ ಫೂಲವತಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2018ರಲ್ಲಿ ದಾನಮ್ಮನ ಕೇಸಿನಲ್ಲಿ, ಅಪ್ಪ ಮೊದಲೇ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. ಎರಡೂ ನಮ್ಮ ರಾಜ್ಯದಿಂದಲೇ ಹೋದ ಕೇಸು. ಕೊನೆಗೆ 2020ರ ವಿನೀತಾ ಶರ್ಮಾ ತೀರ್ಪು, ಹಕ್ಕು ಹುಟ್ಟಿನಿಂದಲೇ ಬರುತ್ತದೆ, ಅಪ್ಪ ಬದುಕಿರಬೇಕಿಲ್ಲ ಅಂತ ಜಗಳ ಮುಗಿಸಿತು.

ಆ ಜಗಳದ ಬಗ್ಗೆ ನಾವು ಕಾನೂನು ಮೇಷ್ಟ್ರುಗಳು ರಾಶಿ ರಾಶಿ ಬರೆದೆವು. ಬರೆಯಲೇಬೇಕಿತ್ತು, ಸರಿ. ಆದರೆ ಹೆಬ್ಬೆಟ್ಟು ಒತ್ತಿದ ಆ ತಂಗಿಗೆ ವಿನೀತಾ ಶರ್ಮಾ ತೀರ್ಪು ಏನು ಮಾಡುತ್ತದೆ? ಪತ್ರ ರಿಜಿಸ್ಟರ್ ಆದರೆ ಅವಳ ಪಾಲು ಕಾನೂನುಬದ್ಧವಾಗಿಯೇ ಹೋಯ್ತು. ರದ್ದು ಮಾಡಿಸಬೇಕಂದ್ರೆ ಮೋಸ, ಒತ್ತಾಯ ಅಂತ ಅವಳೇ ಸಾಬೀತು ಮಾಡಬೇಕು. ಅದೂ ಗೊತ್ತಾದ 3 ವರ್ಷದೊಳಗೆ ದಾವೆ ಹಾಕಬೇಕು. ತವರಿಗೆ ಕರೆಯೋದಿಲ್ಲ ಅನ್ನೋ ಭಯವನ್ನು ಯಾವ ಕೋರ್ಟು ಒತ್ತಾಯ ಅನ್ನುತ್ತದೆ? ಹುಡುಗಿ ಕೇಳಿದ್ದು ಇದನ್ನೇ. ಇದಕ್ಕಿಂತ ದೊಡ್ಡ ಕಾನೂನಿನ ಪ್ರಶ್ನೆ ಬೇಕಾ?

ಪ್ರೊಫೆಸರ್‌ಗಳೇ ಹೀಗೆ ಕೇಳಿದ ಕಾಲ ಒಂದಿತ್ತು. ಮಥುರಾ ಅನ್ನೋ ಹುಡುಗಿಯ ಮೇಲೆ ಪೊಲೀಸ್ ಠಾಣೆಯಲ್ಲಿ ಅತ್ಯಾಚಾರ ನಡೆಯಿತು ಅನ್ನೋ ಕೇಸಿನಲ್ಲಿ 1978ರಲ್ಲಿ ಸುಪ್ರೀಂ ಕೋರ್ಟ್ ಇಬ್ಬರು ಪೊಲೀಸರನ್ನು ಬಿಡುಗಡೆ ಮಾಡಿತು. ಹುಡುಗಿಯ ಮೈಮೇಲೆ ಗಾಯವಿಲ್ಲ, ಕೂಗಿಕೊಂಡಿಲ್ಲ, ಅಂದ್ರೆ ಒಪ್ಪಿಗೆ ಇತ್ತು ಅನ್ನೋ ತರ್ಕ. ಮರುವರ್ಷ ನಾಲ್ವರು ಕಾನೂನು ಮೇಷ್ಟ್ರುಗಳು, ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ರಘುನಾಥ್ ಕೇಳ್ಕರ್, ವಸುಧಾ ಧಾಗಂವಾರ್, ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ರಾತ್ರಿ ಹೊತ್ತು ಪೊಲೀಸ್ ಠಾಣೆಯೊಳಗೆ ಸಿಕ್ಕಿಬಿದ್ದ ಬಡ ಆದಿವಾಸಿ ಹುಡುಗಿ ಸುಮ್ಮನಿದ್ದಳು ಅಂದ್ರೆ ಒಪ್ಪಿದಳು ಅಂತಾನಾ? ನೇರವಾಗಿ ಕೇಳಿದರು. ದೇಶದಲ್ಲೆಲ್ಲ ಹೆಣ್ಣುಮಕ್ಕಳು ಬೀದಿಗಿಳಿದರು. 1983ರಲ್ಲಿ ಸಾಕ್ಷ್ಯ ಕಾಯ್ದೆಯೇ ಬದಲಾಯ್ತು. ಪೊಲೀಸ್ ವಶದಲ್ಲಿ ಹೀಗಾದಾಗ, ನಾನು ಒಪ್ಪಿರಲಿಲ್ಲ ಅಂತ ಹೆಣ್ಣು ಹೇಳಿದರೆ ಕೋರ್ಟು ಅದನ್ನೇ ನಿಜ ಅಂತ ಹಿಡಿದು ಮುಂದೆ ಹೋಗಬೇಕು.

ಠಾಣೆಯೊಳಗಿನ ಮೌನವೇ ಬೇರೆ, ಅಣ್ಣನ ಎದುರಿನ ಹೆಬ್ಬೆಟ್ಟೇ ಬೇರೆ, ಗೊತ್ತು. ಆದರೆ ಒಪ್ಪಿಗೆ ಅಂದ್ರೇನು ಅನ್ನೋ ಪ್ರಶ್ನೆ ಎರಡರಲ್ಲೂ ಇದೆ ಅಲ್ವಾ? ಬರೀ ಪ್ರಮೋಷನ್ ಪಾಯಿಂಟಿಗೆ ಜರ್ನಲ್ ತುಂಬಿಸುತ್ತಾ ಹೋದರೆ ಈ ಪ್ರಶ್ನೆ ನಮ್ಮ ಕಣ್ಣಿಗೇ ಬೀಳೋದಿಲ್ಲ. ಅಡಿಟಿಪ್ಪಣಿ ಬೇಡ ಅನ್ನುತ್ತಿಲ್ಲ. ಆಧಾರವಿಲ್ಲದ ಮಾತು ಕೋರ್ಟಿನಲ್ಲಿ ನಿಲ್ಲೋದಿಲ್ಲ. ಆದರೆ ಬಾಂಡ್ ರೈಟರ್ ಟೇಬಲ್ ಮೇಲೆ ನಡೆಯುವುದೂ ಆಧಾರವೇ.

ವೈವಾದಲ್ಲಿ ಹುಡುಗಿ ಹೆದರಲಿಲ್ಲ. "ಆ ಅಕ್ಕ ಹೆಬ್ಬಟ್ಟು ಒತ್ತಿದ್ಲಲ್ರಿ ಸರ್, ಆ ಪತ್ರದಾಗೈತ್ರಿ" ಅಂದಳು. ಪ್ರೊಫೆಸರ್ ಮತ್ತೆ ಆ ಪುಟ ತೆಗೆದು ಓದಿದರು. ಏನೂ ಹೇಳದೆ ಮುಂದಿನ ಪ್ರಶ್ನೆಗೆ ಹೋದರು.

ಆ ಅಧ್ಯಾಯವನ್ನು ಕನ್ನಡದಲ್ಲಿ ಬರಿ, ನಿಮ್ಮೂರಿನ ಸ್ತ್ರೀಶಕ್ತಿ ಸಂಘದಲ್ಲಿ ಓದೋಣ, ನಾನೂ ಬರ್ತೀನಿ ಅಂದೆ. ಹೆಬ್ಬೆಟ್ಟು ಒತ್ತೋಕೆ ಮುಂಚೆ ಏನೇನು ಕೇಳಬೇಕು ಅನ್ನೋದನ್ನೂ ಸೇರಿಸು ಅಂದೆ. ಪಂಚಮಿಯೊಳಗೆ ಮುಗಿಸ್ತೀನ್ರಿ ಮೇಡಂ ಅಂದಿದ್ದಾಳೆ.